ಹಗ್ಗದ ಕೊಸರು

ಮಕ್ಕಳೆಲ್ಲ ಅವಳನ್ನು ಈಜತ್ತೆ ಅಂತಲೇ ಕರೆಯುತ್ತಿದ್ದರು. ನಿಜವಾಗಿ ಅವಳು ಅತ್ತೆಯಾಗಬೇಕಾದದ್ದು ಒಬ್ಬಳಿಗೆ ಮಾತ್ರ, ಅಣ್ಣನ ಮಗಳಿಗೆ. ಆ ಹುಡುಗಿ ಮೂರು ವರ್ಷದವಳಿದ್ದಾಗ ಈಜುಕೊಳದ ದಂಡೆಯಲ್ಲಿ ನಿಂತು "ಅತ್ತೇ, ನನ್ನೂ ಎತ್ಕೋ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅದನ್ನು ಕೇಳಿ ಉಳಿದ ಮಕ್ಕಳೂ ಅತ್ತೇ ಅಂದವು, ಆಮೇಲೆ ಅವುಗಳ ತಾಯಂದಿರೂ ಅಂದರು. ಈಗಂತೂ ಅಂಚೆಯವನೂ ಈಜತ್ತೆಗೆ ಕಾಗದ ಬಂದಿದೆ ಅನ್ನುತ್ತಿದ್ದ.

ಕೊಳ ಇದ್ದದ್ದು ಹಳೆಯ ಬಟ್ಟೆ ಗಿರಣಿಯ ಆವರಣದಲ್ಲಿ. ಗಿರಣಿ ನಿಂತು ಯಾವುದೋ ಕಾಲವಾಗಿತ್ತು. ಮಗ್ಗಗಳಿದ್ದ ಶೆಡ್ಡಿನಲ್ಲಿ ಈಗ ಪೀಠೋಪಕರಣದ ಗೋದಾಮಿತ್ತು. ಆದರೆ ಕಾರ್ಮಿಕರಿಗೆಂದು ಕಟ್ಟಿಸಿದ ಈಜುಕೊಳವನ್ನು ಒಂದು ಸಂಘ ಮಾಡಿಕೊಂಡು ಊರಿನವರೇ ಉಳಿಸಿಕೊಂಡಿದ್ದರು. ಹಸಿರು ಬಣ್ಣದ ಕಬ್ಬಿಣದ ಗೇಟು, ಎರಡು ಸ್ನಾನದ ಕೋಣೆ, ತಗಡಿನ ಮಾಡು. ಆಳವಿಲ್ಲದ ತುದಿಯ ಗೋಡೆಯಲ್ಲಿ ನೀಲಿ ಹೆಂಚಿನ ತುಣುಕುಗಳನ್ನು ಜೋಡಿಸಿ ದೊಡ್ಡದಾಗಿ ೨೫ ಎಂದು ಬರೆದಿತ್ತು. ಬರೀ ೨೫, ಮುಂದೆ ಒಂದಕ್ಷರ ಇಲ್ಲ. ಇಪ್ಪತ್ತೈದು ಮೀಟರಿನ ಕೊಳ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಈಜತ್ತೆ ಈಜು ಕಲಿತದ್ದೂ ಅಲ್ಲೇ. ಅವಳಿಗೆ ಕಲಿಸಿದವರು ಸೀಟಿ ಮೇಷ್ಟ್ರು. ಬಾಯಲ್ಲಿ ಮಾತಿಗಿಂತ ಸೀಟಿಯೇ ಹೆಚ್ಚು ಇರುತ್ತಿದ್ದುದರಿಂದ ಆ ಹೆಸರು. ಹದಿನೇಳನೆಯ ವಯಸ್ಸಿಗೆ ಅವಳು ನೂರು ಮೀಟರನ್ನು ಎಪ್ಪತ್ತೆರಡು ಸೆಕೆಂಡಿನಲ್ಲಿ ಈಜುತ್ತಿದ್ದಳು. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಮೇಷ್ಟ್ರು ಗಡಿಯಾರವನ್ನು ಕಿವಿಗಿಟ್ಟು ಅಲ್ಲಾಡಿಸಿ, ನಿಂತುಹೋಗಿಲ್ಲ ತಾನೇ ಎಂದು ನೋಡಿಕೊಂಡು, ದೊಡ್ಡ ಪಟ್ಟಣದ ಸ್ಪರ್ಧೆಗೆ ಅವಳ ಹೆಸರು ಕಳಿಸಿದರು. ಎಪ್ಪತ್ತೆರಡು ಎಂದು ಕಂಡದ್ದೇ ಅಲ್ಲಿಯವರು ಅವಳಿಗೆ ನಟ್ಟನಡುವಿನ ಸಾಲು ಕೊಟ್ಟರು. ಅದು ಎಲ್ಲರಿಗಿಂತ ವೇಗದವರಿಗೆ ಕೊಡುವ ಸಾಲು.

ಬಸ್ಸು ದಾರಿಯಲ್ಲಿ ಕೆಟ್ಟು, ಅವರು ಮುಟ್ಟುವ ಹೊತ್ತಿಗೆ ಅವಳ ಹೆಸರನ್ನು ಕೂಗುತ್ತಿದ್ದರು. ನೀರಿಗೆ ಇಳಿದು ಕೈ ಬೀಸಿ ನೋಡುವುದಕ್ಕೂ ಪುರಸೊತ್ತಿರಲಿಲ್ಲ. ಅಲ್ಲಿಯ ಕೊಳವೂ ಇಪ್ಪತ್ತೈದೇ. ಆದರೆ ಹಾರಿದ ಮೇಲೆ ಏನೋ ಎಡವಟ್ಟಾಯಿತು. ಗೋಡೆ ಬರಬೇಕಾದ ಕಡೆ ಬರಲಿಲ್ಲ. ಕೈ ಚಾಚಿದರೆ ಬರೀ ನೀರು. ಇನ್ನೊಮ್ಮೆ ಬೀಸಿದಳು, ಆಗಲೂ ನೀರು. ಪ್ರತಿ ತುದಿಯಲ್ಲೂ ಇದೇ ಕತೆ. ಯಾರೋ ಗೋಡೆಯನ್ನು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ ಹಾಗೆ. ಕೊನೆಗೆ ಎಪ್ಪತ್ತೆಂಟು ಸೆಕೆಂಡು, ಏಳನೇ ಸ್ಥಾನ. ನಡುಸಾಲಿನಲ್ಲಿ ನಿಂತವಳು ಏಳನೆಯವಳಾದರೆ ಜನ ನೋಡುವ ನೋಟವೇ ಬೇರೆ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಒಂದೇ ಒಂದು ಮಾತಾಡಿದರು. "ಕೈಕಾಲು ಗಟ್ಟಿ ಇದೆ ನಿಂದು. ಎದೆ ಗಟ್ಟಿ ಇಲ್ಲ."

ಆಮೇಲೆ ಅವಳು ಸ್ಪರ್ಧೆಗೆ ಹೋಗಲಿಲ್ಲ. ಹಾಗಂತ ಮೂಲೆ ಹಿಡಿದು ಕೂರುವ ಪೈಕಿಯೂ ಅಲ್ಲ. ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬನನ್ನು ಮೆಚ್ಚಿ ಮದುವೆಯಾದಳು, ಅದೇ ಕೊಳದಲ್ಲಿ ಮಕ್ಕಳಿಗೆ ತೇಲುವುದು, ಮುಳುಗುವುದು, ಉಸಿರು ಬಿಡುವುದು ಕಲಿಸತೊಡಗಿದಳು. ಕೆಲಸ ಅವಳಿಗೆ ಒಗ್ಗಿತ್ತು. ನೀರು ಕಂಡರೆ ಹೆದರಿ ಗೇಟಿನ ಕಂಬಿ ಹಿಡಿದುಕೊಳ್ಳುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾನೂ ಒಂದ್ಸಲ ಹೆದರಿ ಏಳನೆಯವಳಾಗಿದ್ದೆ ಗೊತ್ತಾ? ಏನಾಯ್ತೀಗ? ಚೆನ್ನಾಗೇ ಇದೀನಲ್ಲ" ಅನ್ನುತ್ತಿದ್ದಳು. ಮಕ್ಕಳು ನಂಬಿ ಇಳಿಯುತ್ತಿದ್ದವು. ತಾನು ಅಳ್ಳೆದೆಯವಳು ಅನ್ನುವುದನ್ನು ಅವಳು ಕಿವಿಯ ಪಕ್ಕದ ಮಚ್ಚೆಯ ಹಾಗೆ ಒಪ್ಪಿಕೊಂಡುಬಿಟ್ಟಿದ್ದಳು. ಯಾವಾಗಲೋ ಒಮ್ಮೆ ಕನ್ನಡಿಯಲ್ಲಿ ಕಾಣುತ್ತಿತ್ತು, ಅಷ್ಟೇ.

ಅಣ್ಣನ ಮಗಳಿಗೆ ಈಗ ಹದಿನಾಲ್ಕು. ಸದಾ ನೀರಿನಲ್ಲೇ ಬಿದ್ದಿರುತ್ತಿದ್ದುದರಿಂದ ಅವಳಪ್ಪ ಇಟ್ಟ ಅಡ್ಡಹೆಸರು ಗೊದಮೊಟ್ಟೆ. ಕಪ್ಪೆಯಾಗುವ ವಯಸ್ಸು ಬಂದರೂ ಹೆಸರು ಬದಲಾಗಿರಲಿಲ್ಲ. ಅವಳು ಆ ಬೇಸಿಗೆಯಲ್ಲಿ ನೂರನ್ನು ಎಪ್ಪತ್ತು ಸೆಕೆಂಡಿಗೆ ತಂದಳು. ತಂದವಳೇ ಒದ್ದೆ ಕೂದಲಲ್ಲೇ ಅತ್ತೆಯ ಮುಂದೆ ನಿಂತಳು.

"ನಾನು ಸ್ಪರ್ಧೆಗೆ ಹೋಗ್ತೀನಿ."

"ಹೋಗೋಣ ಬಿಡು, ಮುಂದಿನ ವರ್ಷ."

"ಹೋದ ವರ್ಷನೂ ನೀನು ಇದನ್ನೇ ಹೇಳಿದ್ದೆ. ಎಪ್ಪತ್ತು ಅತ್ತೆ, ಎಪ್ಪತ್ತು! ನಡುಸಾಲು ಸಿಗುತ್ತೆ ನಂಗೆ."

ನಡುಸಾಲು ಅನ್ನುತ್ತಲೇ ಈಜತ್ತೆಗೆ ತನ್ನ ಏಳನೇ ಸ್ಥಾನ ನೆನಪಾಯಿತು. ಅಳ್ಳೆದೆ ರಕ್ತದಲ್ಲೇ ಬರುತ್ತದೆಯೋ ಏನೋ, ಈ ಕೂಸಿಗೆ ಅಂಥದ್ದಾಗುವುದು ಬೇಡ. ಆದರೆ ಹುಡುಗಿಯ ಮುಖ ನೋಡಿ ಬೇಡ ಅನ್ನಲಾಗಲಿಲ್ಲ. ಆಗಲಿ ಅಂದಳು. ಅಭ್ಯಾಸಕ್ಕೆ ಸಾಲುಗಳ ನಡುವಿನ ಹಗ್ಗ ನೆಟ್ಟಗಿರಬೇಕಲ್ಲ, ಹಳೆಯವು ಕೊಳೆತು ಪುಡಿಯಾಗುತ್ತಿದ್ದವು. ಸಂಘದವರು ಮೂರು ಹೊಸ ಹಗ್ಗ ತರಿಸಿದರು.

ಹಗ್ಗ ಬಂದ ಬೆಳಿಗ್ಗೆ ಅವನ್ನು ಕಟ್ಟಲು ಇಳಿದದ್ದು ಕ್ಲೋರಿನ್ ಮಾಮ. ನೀರು ಶುಚಿ ಮಾಡುವ, ಗೇಟಿನ ಬೀಗ ತೆಗೆಯುವ, ಕಳೆದುಹೋದ ಚಡ್ಡಿಗಳನ್ನು ಹುಡುಕಿಕೊಡುವ ಮನುಷ್ಯ. ಅವನು ಹಗ್ಗದ ಒಂದು ತುದಿಯನ್ನು ಈಚೆಯ ಕೊಂಡಿಗೆ ಸಿಕ್ಕಿಸಿ, ಆಚೆ ಹೋಗಿ ಇನ್ನೊಂದು ತುದಿ ಸಿಕ್ಕಿಸಿದ. ಹಗ್ಗ ಒಣಗಲು ಹಾಕಿದ ಒದ್ದೆ ಕಂಬಳಿಯ ಹಾಗೆ ಜೋತುಬಿತ್ತು. ಅದರ ಕೆಂಪು ಬಿಳಿ ಬಿಲ್ಲೆಗಳು ನೀರಿನ ಮೇಲೆ ಹಾವಿನಂತೆ ವಕ್ರವಾಗಿ ತೇಲಿದವು.

"ಅಮ್ಮಾ, ಬನ್ನಿ ಇಲ್ಲಿ!" ಅಂದ ಅವನು, ಖುಷಿಯಿಂದ. "ಅಂಗಡಿಯವರು ಒಳ್ಳೆ ಜನ. ಎರಡು ಮೀಟರಿಗೂ ಮೇಲೆ ಕೊಸರು ಕೊಟ್ಟಿದ್ದಾರೆ!"

ಎರಡನೆಯ ಹಗ್ಗವನ್ನು ಕಟ್ಟಿದರು, ಅದರಲ್ಲೂ ಅಷ್ಟೇ ಕೊಸರು. ಮೂರನೆಯದರಲ್ಲೂ ಅಷ್ಟೇ. ಕೊಸರು ಕೊಡುವವರು ಇಷ್ಟು ಲೆಕ್ಕಾಚಾರದಿಂದ ಕೊಡುತ್ತಾರೆಯೇ ಅನ್ನಿಸಿ ಈಜತ್ತೆ ಅಂಗಡಿಗೆ ಫೋನು ಮಾಡಿದಳು. ಫೋನೆತ್ತಿದ ಹೆಂಗಸು ಪೂರ್ತಿ ಕೇಳಿಸಿಕೊಂಡು ನಕ್ಕಳು.

"ಮೇಡಂ, ಕೊಸರು ಕೊಡೋಕೆ ನಾವೇನು ತರಕಾರಿ ಮಾರ್ತೀವಾ? ಇಪ್ಪತ್ತೈದು ಮೀಟರ್ ಅಂದ್ರಿ, ಇಪ್ಪತ್ತೈದು ಮೀಟರಿನ ಕೊಳಕ್ಕೆ ಸರಿಯಾಗಿ ಕಳ್ಸಿದೀವಿ. ನೀವು ಕೊಳ ಅಳೆದಿದೀರಾ?"

"ಅಳೆಯೋದೇನು? ಗೋಡೆ ಮೇಲೇ ಬರೆದಿದೆ."

"ಏನಂತ ಬರೆದಿದೆ?"

ಈಜತ್ತೆ ತಿರುಗಿ ಗೋಡೆ ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಗೋಡೆ. "ಇಪ್ಪತ್ತೈದು," ಅಂದಳು.

"ಇಪ್ಪತ್ತೈದು ಏನು?"

ನೋಡಿ ಹೇಳ್ತೀನಿ ಅಂದು ಈಜತ್ತೆ ಫೋನಿಟ್ಟಳು.

ಗಂಡನನ್ನು ಕರೆಸಿದಳು. ಮೇಸ್ತ್ರಿ ತನ್ನ ಉದ್ದನೆಯ ಅಳತೆಪಟ್ಟಿ ತಂದ, ನೆಲಕ್ಕೆ ಹಾಕುವ ಟೈಲ್ಸ್ ಲೆಕ್ಕಕ್ಕೆ ಅವನು ಇಟ್ಟುಕೊಂಡಿದ್ದು. ಒಂದು ತುದಿಯನ್ನು ಗೊದಮೊಟ್ಟೆ ಗೋಡೆಗೆ ಒತ್ತಿ ಹಿಡಿದಳು, ಇನ್ನೊಂದು ತುದಿಯಲ್ಲಿ ಅವನು ಮಂಡಿಯೂರಿ ಕನ್ನಡಕ ಏರಿಸಿಕೊಂಡ.

"ಇಪ್ಪತ್ತೆರಡು ಮೀಟರ್, ಎಂಬತ್ತಾರು ಸೆಂಟಿಮೀಟರ್."

"ಸರಿಯಾಗಿ ನೋಡ್ರೀ," ಅಂದಳು ಈಜತ್ತೆ.

ಮತ್ತೆ ಅಳೆದರು. ಅಷ್ಟೇ ಬಂತು. ಮೇಸ್ತ್ರಿ ತಲೆ ಕೆರೆದುಕೊಂಡ. "ಇದು ಹುಚ್ಚು ಸಂಖ್ಯೆ ಕಣೇ. ಯಾವ ಮೇಸ್ತ್ರಿನೂ ಬೇಕು ಅಂತ ಇಷ್ಟುದ್ದ ಕಟ್ಟಲ್ಲ. ಕಟ್ಟಿದೋನು ಬೇರೇನೋ ಅಂದ್ಕೊಂಡು ಕಟ್ಟಿರ್ಬೇಕು." ಪಟ್ಟಿಯನ್ನು ಮಗುಚಿ ಹಿಂಬದಿಯನ್ನು ನೋಡಿದ, ಅಲ್ಲಿ ಅಡಿ, ಅಂಗುಲಗಳಿದ್ದವು. ಅವನ ಮುಖ ಅರಳಿತು. "ನೋಡು! ಎಪ್ಪತ್ತೈದು ಅಡಿ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೂರು ಅಡಿಗೆ ಒಂದು ಗಜ. ಇಪ್ಪತ್ತೈದು ಗಜ ಇದು, ಮೀಟರಲ್ಲ."

"ಗಜ ಅಂದ್ರೆ ಆನೆ ಅಲ್ವಾ ಮಾವ?" ಅಂದಳು ಗೊದಮೊಟ್ಟೆ ಆಚೆಯಿಂದ.

"ಆನೆನೇ. ಇಪ್ಪತ್ತೈದು ಆನೆ ಸಾಲಾಗಿ ನಿಲ್ಲಿಸಿ ಅಳೆದಿದ್ದಾರೆ," ಅಂದ ಮೇಸ್ತ್ರಿ. ಕ್ಲೋರಿನ್ ಮಾಮ ನೀರಿನಲ್ಲಿ ನಿಂತೇ ಬಿದ್ದುಬಿದ್ದು ನಕ್ಕ.

ಯೋಚಿಸಿದರೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಬಟ್ಟೆ ಗಿರಣಿ. ಬೆಳಗಾದರೆ ಗಜ, ಬೈಗಾದರೆ ಗಜ. ಅಲ್ಲಿ ನೇಯ್ದದ್ದು, ಮಡಚಿದ್ದು, ಮಾರಿದ್ದು ಎಲ್ಲ ಗಜದಲ್ಲಿ. ಕೊಳವನ್ನೂ ಅದೇ ಕೋಲಿನಲ್ಲಿ ಅಳೆದು ತೋಡಿದ್ದರು. ಇಪ್ಪತ್ತೈದು ಅಂದರೆ ಏನು ಎಂದು ಆ ಕಾಲದ ಕಾರ್ಮಿಕರಿಗೆ ಬರೆದು ತಿಳಿಸುವ ಅಗತ್ಯವೇ ಇರಲಿಲ್ಲ. ಅವರು ಹೋದರು, ಗಜವೂ ಹೋಯಿತು, ಸಂಖ್ಯೆ ಮಾತ್ರ ಗೋಡೆಯ ಮೇಲೆ ಉಳಿಯಿತು. ಆಮೇಲೆ ಬಂದವರು ಅದರ ಮುಂದೆ ತಮಗೆ ಗೊತ್ತಿದ್ದುದನ್ನು ಸೇರಿಸಿಕೊಂಡು ಓದಿದರು.

ಗೊದಮೊಟ್ಟೆಯ ನಗು ಅಷ್ಟರಲ್ಲಿ ಇಳಿದುಹೋಗಿತ್ತು. "ಹಾಗಾದ್ರೆ ನನ್ನ ಎಪ್ಪತ್ತು?"

ಮೇಸ್ತ್ರಿ ಫೋನಿನಲ್ಲಿ ಲೆಕ್ಕ ಹಾಕಿದ. "ಅದು ನೂರು ಗಜಕ್ಕೆ ಪುಟ್ಟಾ. ನೂರು ಮೀಟರ್ ಅಂದ್ರೆ ಇನ್ನೂ ಒಂಬತ್ತು ಗಜದ ಮೇಲೆ ಈಜ್ಬೇಕು. ಇದೇ ವೇಗದಲ್ಲಿ ಎಪ್ಪತ್ತಾರೂವರೆ ಆಗುತ್ತೆ."

"ಅಷ್ಟೊಂದು ನಿಧಾನಾನಾ ನಾನು?" ಹುಡುಗಿ ಪಟ್ಟಿಯ ತುದಿ ಬಿಟ್ಟು ಹತ್ತಿರ ಬಂದಳು.

"ನಿಧಾನ ಯಾಕಾಗ್ತೀಯೇ?" ಅಂದಳು ಈಜತ್ತೆ, ಅವಳ ತೋಳು ಹಿಡಿದು. "ನಿನ್ನೆ ಎಷ್ಟು ಜೋರಾಗಿ ಈಜ್ತಿದ್ಯೋ ಇವತ್ತೂ ಅಷ್ಟೇ ಜೋರು. ನೀರಲ್ಲಿ ಏನೂ ಬದಲಾಗಿಲ್ಲ. ಎಪ್ಪತ್ತು ಬೇರೆ ದೂರದ್ದು, ಎಪ್ಪತ್ತಾರೂವರೆ ಬೇರೆ ದೂರದ್ದು. ಒಂದರ ಪಕ್ಕ ಇನ್ನೊಂದನ್ನ ಇಟ್ಟು ನೋಡಿ, ಇವಳು ಹಿಂದೆ ಬಿದ್ದಳು ಅಂತ ಯಾರಾದ್ರೂ ಅಂದ್ರೆ ಅವರಿಗೆ..."

ಅಲ್ಲಿಗೆ ಅವಳ ಮಾತು ನಿಂತುಬಿಟ್ಟಿತು.

ಹುಡುಗಿಯ ತೋಳು ಬಿಟ್ಟಳು. ಆಮೇಲೆ ಗಂಡನ ಕಡೆ ತಿರುಗಿ, "ಎಪ್ಪತ್ತೆರಡಕ್ಕೆ ಎಷ್ಟಾಗುತ್ತೆ?" ಅಂದಳು.

"ಯಾಕೆ? ಇವಳದು ಎಪ್ಪತ್ತು ಅಲ್ವಾ?"

"ಎಪ್ಪತ್ತೆರಡಕ್ಕೆ ಹಾಕ್ರಿ ಅಂದೆ."

ಅವನು ಹಾಕಿದ. "ಎಪ್ಪತ್ತೆಂಟೂ ಮುಕ್ಕಾಲು, ಹತ್ತಿರ ಹತ್ತಿರ."

ಈಜತ್ತೆ ಕೊಳದ ಅಂಚಿನಲ್ಲಿ ಕೂತುಬಿಟ್ಟಳು. ಚಪ್ಪಲಿ ಹಾಕಿದ ಕಾಲನ್ನೇ ನೀರಿಗೆ ಇಳಿಬಿಟ್ಟಿದ್ದಳು, ಅದು ಅವಳಿಗೆ ಗೊತ್ತಾಗಲಿಲ್ಲ. ಆವತ್ತು ದೊಡ್ಡ ಪಟ್ಟಣದಲ್ಲಿ ಬಂದದ್ದು ಎಪ್ಪತ್ತೆಂಟು. ಅದೂ ನಾಲ್ಕು ಸಲ ಗೋಡೆಗೆ ತಡಕಾಡಿ. ಇಲ್ಲಿ, ತನ್ನ ಮನೆಯ ನೀರಿನಲ್ಲಿ, ಯಾರೂ ನೋಡದಾಗ ಈಜುತ್ತಿದ್ದುದಕ್ಕಿಂತ ಅವಳು ಆವತ್ತು ಜೋರಾಗಿ ಈಜಿದ್ದಳು. ಹೆದರಿದವಳ ಈಜಲ್ಲ ಅದು. ಗೋಡೆಯನ್ನು ಯಾರೂ ಎಳೆದಿರಲಿಲ್ಲ. ಅದು ಎಲ್ಲಿರಬೇಕೋ ಅಲ್ಲೇ ಇತ್ತು.

"ಏನಾಯ್ತೇ?" ಗಂಡ ಪಕ್ಕದಲ್ಲಿ ಕೂತ.

"ರೀ, ನಾನು ಆವತ್ತು ಹೆದರಿರಲಿಲ್ಲ," ಅಂದಳು. ಹೇಳಿದ ಮೇಲೆ ತಾನೇ ಕೇಳಿಸಿಕೊಂಡು ನಕ್ಕಳು. ಮೂಗು ಒರೆಸಿಕೊಂಡು ಮತ್ತೆ ನಕ್ಕಳು. "ಇನ್ನೊಂದ್ಸಲ ಲೆಕ್ಕ ಹಾಕ್ರಿ, ತಪ್ಪಿರಬಹುದು."

ಅವನು ಇನ್ನೊಂದು ಸಲ ಹಾಕಿದ. ಸಾಯಂಕಾಲದ ಒಳಗೆ ಐದಾರು ಸಲ ಹಾಕಿಸಿದಳು. ಪ್ರತಿ ಸಲವೂ ಅಷ್ಟೇ ಬರುತ್ತಿತ್ತು, ಪ್ರತಿ ಸಲವೂ ಅವಳಿಗೆ ಮೊದಲನೇ ಸಲ ಕೇಳಿದಷ್ಟೇ ಹಿತವಾಗುತ್ತಿತ್ತು. ತಾಯಿಗೆ ಫೋನು ಮಾಡಿ ಹೇಳಿದಾಗ ಆ ಮುದುಕಿ, "ನನ್ನ ಮಗಳು ಹೆದರೋಳಲ್ಲ ಅಂತ ನಾನು ಆವತ್ತೇ ಹೇಳಿದ್ದೆ" ಎಂದು ಜಂಬ ಕೊಚ್ಚಿದಳು. ಆವತ್ತು ಅವಳು ಹೇಳಿದ್ದು ಬೇರೆಯೇ. ಈಜತ್ತೆ ನೆನಪಿಸಲು ಹೋಗಲಿಲ್ಲ.

"ಹಾಗಾದ್ರೆ ಪುಟ್ಟ ಮಕ್ಕಳಿಗೆ ಇನ್ನು ಮೇಲೆ ಏನು ಕತೆ ಹೇಳ್ತೀಯ?" ಅಂದಳು ಗೊದಮೊಟ್ಟೆ, ತನ್ನ ಬೇಸರ ಮರೆತು.

"ಏನಾದ್ರೂ ಹುಡುಕ್ಬೇಕು. ಜಿರಳೆಗೆ ಹೆದರ್ತೀನಲ್ಲ, ಅದನ್ನೇ ಹೇಳ್ತೀನಿ."

ಮರುದಿನ ಇಬ್ಬರೂ ಸೀಟಿ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಮಗಳ ಲೇಖನ ಸಾಮಗ್ರಿಯ ಅಂಗಡಿಯ ಮೇಲಿನ ಮನೆಯಲ್ಲಿದ್ದರು. ಬಾಲ್ಕನಿಯ ತುಂಬ ಕುಂಡಗಳಲ್ಲಿ ಟೊಮೆಟೊ ಬೆಳೆಸಿದ್ದರು. ಬೆನ್ನು ಬಾಗಿತ್ತು, ಧ್ವನಿ ಮಾತ್ರ ಹಾಗೇ ಇತ್ತು. ಈಜತ್ತೆ ಹಗ್ಗದಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಅವರು ಒಂದು ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು.

"ಮೀಟರ್ ಅಂತ ಯಾರು ಹೇಳಿದ್ದು?" ಅಂದರು ಕೊನೆಗೆ, ಗದರುವ ಹಾಗೆ.

"ನೀವೇ ಸರ್."

"ನಂಗೆ ಯಾರು ಹೇಳಿದ್ದು?"

"ಅದು ನಂಗೆ ಹೇಗೆ ಗೊತ್ತಾಗ್ಬೇಕು ಸರ್?"

"ಯಾರೂ ಹೇಳಿಲ್ಲ," ಅಂದರು ಮೇಷ್ಟ್ರು. ಹಣ್ಣನ್ನು ಕೆಳಗಿಟ್ಟರು. "ಯಾರೂ ಹೇಳಿಲ್ಲ. ನಾನೂ ಕೇಳ್ಲಿಲ್ಲ. ಒಂದು ಹಗ್ಗ ಹಿಡಿದು ಅಳೆಯೋಕೆ ಎಷ್ಟೊತ್ತು ಬೇಕಿತ್ತು?" ಕುಂಡದ ಮಣ್ಣನ್ನು ಬೆರಳಲ್ಲಿ ಕೆದಕಿದರು. "ಬಸ್ಸಲ್ಲಿ ಒಂದು ಮಾತಂದಿದ್ದೆ ನಾನು."

"ನೆನಪಿದೆ ಸರ್."

"ಅದು ಹೊರಗಡೆ ಅಂದ ಮಾತು. ಒಳಗಡೆ ನಾನಂದ್ಕೊಂಡಿದ್ದು ಬೇರೆ. ಹಗಲೂ ರಾತ್ರಿ ಕಿವಿ ಹತ್ರ ಸೀಟಿ ಊದಿ ಊದಿ ನಾನೇ ಈ ಮಗೂನ ಹೆದರಿಸಿಬಿಟ್ಟೆ ಅಂತ. ಅದಕ್ಕೇ ಕಲಿಸೋದು ಬಿಟ್ಟೆ."

ಈಜತ್ತೆಗೆ ಇದು ಗೊತ್ತೇ ಇರಲಿಲ್ಲ. ಮಂಡಿನೋವಿಗೆ ಬಿಟ್ಟರು ಎಂದು ಊರೆಲ್ಲ ಅಂದುಕೊಂಡಿತ್ತು. "ನಾನು ಹೆದರಿರಲಿಲ್ಲ ಸರ್. ನಿಮ್ಮ ಸೀಟಿಗಂತೂ ಅಲ್ಲವೇ ಅಲ್ಲ."

"ಆ ಮಾತು ವಾಪಸ್ ತಗೋತೀನಿ," ಅಂದರು ಮೇಷ್ಟ್ರು. "ಇಷ್ಟು ತಡವಾಗಿ ಹೇಗೆ ತಗೊಳ್ಳೋದು ಅಂತ ಗೊತ್ತಿಲ್ಲ."

"ತಗೊಂಡ್ರಲ್ಲ ಸರ್, ಮುಗೀತು." ಮೇಷ್ಟ್ರು ಎದ್ದು ಗೊದಮೊಟ್ಟೆಯ ಕೈಗೆ ಟೊಮೆಟೊ ತುರುಕಿ, "ನಡೀರಿ, ಆ ಹಗ್ಗ ತೋರ್ಸಿ" ಎಂದು ಕೋಲು ಹುಡುಕಿದರು.

ಜೋಲು ಬಿದ್ದ ಹಗ್ಗವನ್ನು ಅವರು ಬಗ್ಗಿ ಕೈಯಲ್ಲಿ ಎಳೆದು ನೋಡಿದರು, ಕ್ಲೋರಿನ್ ಮಾಮನಿಗೆ ಒಂದೆರಡು ಮಾತು ಬೈದರು, ಆಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಅಂದಿನಿಂದ ದಿನಾ ಬಂದರು. ಕೊಳವನ್ನಂತೂ ಉದ್ದ ಮಾಡಲಾಗದು. ನಾಲ್ಕು ಉದ್ದ ಮುಗಿದ ಮೇಲೆ ಇನ್ನೂ ಎಂಟೂವರೆ ಮೀಟರ್ ಈಜಿದರೆ ನಿಜವಾದ ನೂರು. ಮೇಸ್ತ್ರಿ ದಂಡೆಯ ಮೇಲೆ ಅಲ್ಲಿಗೆ ಸರಿಯಾಗಿ ಹಳದಿ ಗೆರೆ ಎಳೆದುಕೊಟ್ಟ. ಮೊದಲನೆಯ ದಿನ ಗೊದಮೊಟ್ಟೆ ಆ ಗೆರೆ ಮುಟ್ಟುವ ಹೊತ್ತಿಗೆ ಏದುಸಿರು ಬಿಡುತ್ತಿದ್ದಳು. ವಾರ ಕಳೆಯುವುದರೊಳಗೆ ಗೆರೆ ದಾಟಿ ಹೋಗಿ ಹಲ್ಲು ಕಿರಿಯುತ್ತಿದ್ದಳು.

ಸ್ಪರ್ಧೆಗೆ ಹೆಸರು ಕಳಿಸುವಾಗ ಈಜತ್ತೆ ಎಪ್ಪತ್ತೇಳು ಎಂದು ತಿಳಿಸಿದಳು. ಕ್ಲೋರಿನ್ ಮಾಮನಿಗೆ ಇದು ಸರಿಬರಲಿಲ್ಲ.

"ಎಪ್ಪತ್ತು ಅಂತಲೇ ಹೇಳಿ ಅಮ್ಮ. ಗಜವೋ ಮೀಟರೋ ಯಾರು ಕೇಳ್ತಾರೆ?"

"ಗೋಡೆ ಕೇಳುತ್ತೆ," ಅಂದಳು ಈಜತ್ತೆ.

ಈ ಸಲ ಅವರು ಎರಡು ದಿನ ಮುಂಚೆಯೇ ದೊಡ್ಡ ಪಟ್ಟಣಕ್ಕೆ ಹೋದರು. ಅದು ಮೇಷ್ಟ್ರ ಹಟ. ಗೋಡೆ ಎಲ್ಲಿದೆ ಎಂದು ಹುಡುಗಿಯ ಕೈಗೇ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಸಾಲದು ಅಂದರು. ಮೊದಲ ಸಲ ಇಳಿದಾಗ ಗೊದಮೊಟ್ಟೆ ಎರಡು ಬೀಸು ಮುಂಚೆಯೇ ಮಗುಚಿ, ಕಾಲಿಗೆ ಏನೂ ಸಿಗದೆ ನೀರಿನ ನಡುವೆ ಪಲ್ಟಿ ಹೊಡೆದಳು. ಎದ್ದು ಕೆಮ್ಮಿ, "ಅತ್ತೆ, ನಿಂಗೂ ಹೀಗೇ ಆಗಿತ್ತಾ?" ಅಂದಳು. "ಹೀಗೇ," ಅಂದಳು ಈಜತ್ತೆ. ಎರಡನೆಯ ದಿನದ ಸಂಜೆಗೆ ಕೈ ಕಲಿತುಕೊಂಡಿತು.

ಸ್ಪರ್ಧೆಯಲ್ಲಿ ಅವಳಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು, ಗೋಡೆಗೆ ಒತ್ತಿಕೊಂಡದ್ದು. ಅಲೆಗಳೆಲ್ಲ ಬಂದು ಬಡಿಯುವುದು ಅಲ್ಲಿಗೇ. ಆದರೆ ಅಂಚಿನ ಸಾಲಿನವಳಿಂದ ಯಾರೂ ಏನನ್ನೂ ಬಯಸುವುದಿಲ್ಲ ಅನ್ನುವ ಸುಖವೂ ಅಲ್ಲೇ ಇರುತ್ತದೆ. ಹುಡುಗಿ ಹಾರಿದಳು, ಒಂದೊಂದು ತುದಿಯಲ್ಲೂ ಬಿಲ್ಲಿನ ಹಾಗೆ ಮಗುಚಿ ಗೋಡೆಯನ್ನು ಒದ್ದು ಬಂದಳು. ಎಪ್ಪತ್ತೈದು ಸೆಕೆಂಡು. ಐದನೇ ಸ್ಥಾನ. ಫಲಕದಲ್ಲಿ ಸಂಖ್ಯೆ ಕಂಡದ್ದೇ ನೀರನ್ನು ಎರಡೂ ಕೈಯಲ್ಲಿ ಬಡಿದು ಕಿರುಚಿದಳು. ಗೆದ್ದ ಹುಡುಗಿಯೇ ಬೆರಗಾಗಿ ಅವಳ ಕಡೆ ನೋಡಿದಳು.

"ಎಪ್ಪತ್ತೈದು ಅತ್ತೆ! ಮೀಟರಲ್ಲಿ!"

ಪಕ್ಕದಲ್ಲಿ ಕೂತಿದ್ದ ಬೇರೊಂದು ಊರಿನ ತರಬೇತಿಯ ಹೆಂಗಸು ಈಜತ್ತೆಯ ಕಡೆ ಬಾಗಿ, "ನಿಮ್ಮ ಹುಡುಗೀನಾ? ತಿರುವು ತುಂಬ ಚೆಂದ ತಗೋತಾಳೆ. ಯಾವ ಕೊಳದಲ್ಲಿ ಅಭ್ಯಾಸ?" ಅಂದಳು.

"ಗಿಡ್ಡ ಕೊಳ ನಮ್ಮದು. ಬೇಗ ಬೇಗ ತಿರುಗ್ಲೇಬೇಕು," ಅಂದಳು ಈಜತ್ತೆ. ಹೆಮ್ಮೆಯಿಂದಲೇ ಅಂದಳು.

ಬಹುಮಾನ ಹಂಚಿದ ಮೇಲೆ, ಬಂದವರೆಲ್ಲ ಇಳಿಯಬಹುದು ಎಂದು ಕೊಳವನ್ನು ಒಂದಷ್ಟು ಹೊತ್ತು ಬಿಟ್ಟುಕೊಟ್ಟರು. ಈಜತ್ತೆ ಈಜುಡುಪು ತಂದಿದ್ದಳು, ಯಾರಿಗೂ ಹೇಳಿರಲಿಲ್ಲ. ಅವಳು ಬಟ್ಟೆ ಬದಲಿಸಿ ಬಂದಾಗ ಮೇಷ್ಟ್ರು ಪ್ಯಾಂಟನ್ನು ಮಂಡಿಯವರೆಗೆ ಸುತ್ತಿಕೊಂಡು ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಜೇಬಿನಿಂದ ಗಡಿಯಾರ ತೆಗೆದರು.

"ಬೇಡ ಸರ್," ಅಂದಳು.

"ಸುಮ್ನೆ ನೋಡೋಣ. ಯಾರಿಗೂ ಹೇಳಲ್ಲ."

"ಬೇಡ. ಇವತ್ತು ನಂಗೆ ಎಷ್ಟು ಅಂತ ಗೊತ್ತಾಗ್ಬೇಕಾಗಿಲ್ಲ."

ಮೇಷ್ಟ್ರು ಗೊಣಗಿಕೊಂಡು ಗಡಿಯಾರವನ್ನು ಮತ್ತೆ ಜೇಬಿಗೆ ಹಾಕಿದರು. ಗೊದಮೊಟ್ಟೆ ಆಗಲೇ ನೀರಿನಲ್ಲಿ ಅಂಗಾತ ಮಲಗಿ ಅಪ್ಪನಿಗೆ ಏನೇನು ಹೇಳಬೇಕು ಎಂದು ಗಟ್ಟಿಯಾಗಿ ಪಟ್ಟಿ ಮಾಡುತ್ತಿದ್ದಳು. ಈಜತ್ತೆ ಮೆಲ್ಲಗೆ ಇಳಿದು ಅವಳ ಪಕ್ಕಕ್ಕೆ ಬಂದಳು. ಇಬ್ಬರೂ ಆಚೆಯ ದಡದ ಕಡೆಗೆ ಹೊರಟರು, ಅವಸರವಿಲ್ಲದೆ, ಮಾತಾಡಿಕೊಳ್ಳುತ್ತಲೇ.